ಜಾವಾ ಏರಿ ಮಡಿಕೇರಿಗೆ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರುಗಳ ದಾರಿ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದವನಿಗೆ ಅದು ಒಂದು ಒಳ್ಳೆಯ ನಿದ್ರೆ. ಕಾರಿನವನಿಗೆ ಒಂದಿಷ್ಟು ಹಾಡು, ನಡುವೆ ಒಂದು ಕಾಫಿ. ಅರ್ಧ ಶತಮಾನವನ್ನು ದಾಟಿದ ಮೋಟಾರು ಸೈಕಲನ್ನೇರಿ ಹೊರಟವನಿಗೆ ಮಾತ್ರ ಅದು ಎಷ್ಟು ದೂರವೆಂಬುದನ್ನು ಯಾವ ಮೈಲಿಗಲ್ಲೂ ಹೇಳಲಾರದು. ಕಳೆದ ಅಕ್ಟೋಬರಿನಲ್ಲಿ ಮಡಿಕೇರಿಯ ಕಾಲೇಜೊಂದರಲ್ಲಿ ಪಂಪನನ್ನು ಕುರಿತು ಉಪನ್ಯಾಸ ಮಾಡಲು ನನಗೆ ಕರೆ ಬಂದಿತು. ಬಸ್ಸಿನ ಖರ್ಚನ್ನು ಕೊಡುವುದಾಗಿಯೂ ಅವರು ಬರೆದಿದ್ದರು. ಆದರೂ ನಾನು ತಂದೆಯವರ ಜಾವಾ ಗಾಡಿಯನ್ನು ಕೇಳಿದೆನು. ಕೇಳುವಾಗ ಕೊಡಲಾರರೆಂದೇ ಎಣಿಸಿದ್ದೆನು, ಕೊಟ್ಟುಬಿಟ್ಟರು.

ಆ ಗಾಡಿ 1970ರ ಮಾದರಿಯದು. ತಂದೆಯವರು ಅದನ್ನು 1982ರಲ್ಲಿ ಎರಡನೆಯ ಒಡೆಯರಾಗಿ ಕೊಂಡರು. ಹುಟ್ಟಿದ್ದು ನಮ್ಮ ಮನೆಯಿಂದ ಬಹು ದೂರವೇನೂ ಅಲ್ಲದ ಯಾದವಗಿರಿಯಲ್ಲಿ. ಜಾವಾ ಎಂಬ ಹೆಸರು ಕೇಳಿ ಇಂಡೊನೇಷ್ಯದ ದ್ವೀಪವನ್ನು ನೆನೆಯುವವರುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜೆಕ್ ದೇಶದ ಯಾನೆಚೆಕ್ ಎಂಬಾತ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಗಾಡಿಯನ್ನು ತಯಾರಿಸುವ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲನ್ನೂ ಅದರ ಹೆಸರಿನ ಮೊದಲನ್ನೂ ಕೂಡಿಸಿ ಕಟ್ಟಿದ ಸಮಾಸವದು. ಆ ಗಾಡಿ ಮೈಸೂರಿಗೆ ಬಂದದ್ದು 1960ರ ಸುಮಾರಿನಲ್ಲಿ, ಐಡಿಯಲ್ ಜಾವಾ ಎಂಬ ಕಾರ್ಖಾನೆಯಾಗಿ. ಮುಂದೆ 1970ರ ದಶಕದಲ್ಲಿ ಗಾಡಿಯ ಹೆಸರು ಯೆಜ್ದಿಯೆಂದಾಯಿತು. 1996ರಲ್ಲಿ ಕಾರ್ಖಾನೆಯ ಸದ್ದು ನಿಂತಿತು. ಆಕಾಶವಾಣಿಯೂ ಆರ್. ಕೆ. ನಾರಾಯಣರ ಮನೆಯೂ ಇರುವ ಅದೇ ಯಾದವಗಿರಿಯಲ್ಲಿ ಒಂದು ಕಾಲಕ್ಕೆ ದಿನವಿಡೀ ಹೊಸ ಗಾಡಿಗಳ ಟಪಟಪ ಸದ್ದು ಕೇಳುತ್ತಿದ್ದಿತೆಂದು ಹಿರಿಯರು ಹೇಳುತ್ತಾರೆ.

ಹೊರಟ ದಿನ ಬೆಳಿಗ್ಗೆ ತಂದೆಯವರು ಗೇಟಿನ ಬಳಿ ನಿಂತು, ಬಲ ಮಣಿಕಟ್ಟಿನ ಗಡಿಯಾರವನ್ನು ನೋಡಿಕೊಂಡು, ಒಂದೇ ಒಂದು ಮಾತು ಹೇಳಿದರು: "ಕೈಗೆ ಹೆಚ್ಚು ಕೆಲಸ ಕೊಡಬೇಡ ಕಣೋ. ಕಾಲು ಸಾಕು."

ನಾನು ತಲೆಯಾಡಿಸಿದೆನು. ಮಕ್ಕಳು ತಲೆಯಾಡಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಯಂತ್ರದ ಗೊಡವೆ ಬೇಡವೆನ್ನುವವರು ಇಲ್ಲಿ ಒಂದು ಗಳಿಗೆ ಸೈರಿಸಬೇಕು. ಮುಂದಿನ ಕಥೆಗೆ ಇದು ಬೇಕಾಗುತ್ತದೆ. ಎಂಜಿನ್ನು ಬಿಡುವಿಲ್ಲದೆ ತಿರುಗುತ್ತಿರುತ್ತದೆ. ಗಾಲಿಯಾದರೋ ಒಮ್ಮೆ ತಿರುಗಬೇಕು, ಒಮ್ಮೆ ನಿಲ್ಲಬೇಕು. ಈ ಇಬ್ಬರನ್ನೂ ಬೇಕೆಂದಾಗ ಕೂಡಿಸಿ, ಬೇಡವೆಂದಾಗ ಬಿಡಿಸುವ ಮಧ್ಯಸ್ಥನೇ ಕ್ಲಚ್ಚು. ಎಣ್ಣೆಯಲ್ಲಿ ಮುಳುಗಿದ ಕೆಲವು ಬಿಲ್ಲೆಗಳು ಒಂದರ ಮೇಲೊಂದು ಕುಳಿತು, ಸ್ಪ್ರಿಂಗುಗಳ ಒತ್ತಡದಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಎಡಗೈಯ ಲಿವರನ್ನು ಹಿಡಿದರೆ ಕೇಬಲು ಎಳೆಯುತ್ತದೆ, ಬಿಲ್ಲೆಗಳ ಹಿಡಿತ ಸಡಿಲುತ್ತದೆ, ಆ ಸಡಿಲಿನಲ್ಲಿ ಗೇರು ಬದಲಾಗುತ್ತದೆ. ಎಲ್ಲ ಮೋಟಾರು ಸೈಕಲುಗಳಲ್ಲೂ ಇಷ್ಟೇ. ಜಾವಾದಲ್ಲಿ ಮಾತ್ರ ಇನ್ನೊಂದು ಸೊಗಸುಂಟು. ಅದರ ಎಡಗಾಲಿನ ಸನ್ನೆಯೇ ಕಿಕ್ಕರು, ಅದೇ ಗೇರು. ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿ ತುಳಿದರೆ ಎಂಜಿನ್ನು ಎಚ್ಚರಗೊಳ್ಳುತ್ತದೆ. ಮತ್ತೆ ತನ್ನ ಜಾಗಕ್ಕೆ ಬಂದರೆ ಗೇರು ಹಾಕುತ್ತದೆ. ಗೇರು ಹಾಕಲು ಕಾಲಿನಿಂದ ಒತ್ತಿದೊಡನೆಯೇ ಕ್ಲಚ್ಚೂ ತಾನಾಗಿ ಬಿಟ್ಟುಕೊಳ್ಳುತ್ತದೆ. ಕೈಯ ಅಪ್ಪಣೆ ಬೇಕಿಲ್ಲ. ಒಂದೇ ಬಾಗಿಲಿಗೆ ಎರಡು ಬೀಗದ ಕೈ ಎಂದಿಟ್ಟುಕೊಳ್ಳಿ: ಒಂದು ಕೈಯಲ್ಲಿ, ಒಂದು ಕಾಲಲ್ಲಿ.

ಊರು ದಾಟುವ ಮೊದಲೇ ತೊಂದರೆ ಕಾಣಿಸಿಕೊಂಡಿತು. ವರ್ತುಲ ರಸ್ತೆಯ ಸಿಗ್ನಲಿನಲ್ಲಿ ಮೊದಲನೆಯ ಗೇರಿನಲ್ಲಿ ಕ್ಲಚ್ಚು ಹಿಡಿದು ನಿಂತೆನು, ಗಾಡಿ ನಿಲ್ಲಲೊಲ್ಲದು. ಹಟದ ಕರುವಿನಂತೆ ಮುಂದಕ್ಕೆ ತುಯ್ಯುತ್ತಿದ್ದಿತು. ಬ್ರೇಕು ಒತ್ತಿದೆ, ಎಂಜಿನ್ನು ನಿಂತಿತು. ಹಿಂದಿನ ಕಾರುಗಳು ನನ್ನ ವಿದ್ವತ್ತಿಗೆ ಮರ್ಯಾದೆ ಕೊಡದೆ ಹಾರನ್ ಬಾರಿಸಿದವು. ಇಲವಾಲದಲ್ಲಿ ಹೀಗೇ ಆಯಿತು. ಬಿಳಿಕೆರೆಯಲ್ಲಿ ಕುರಿಯ ಹಿಂಡೊಂದು ಅಡ್ಡ ಬಂದಾಗ ಮತ್ತೆ ಅದೇ. ಕೈಯಲ್ಲಿ ಲಿವರನ್ನು ಹಿಡಿಯ ಹೋದರೆ ಅರ್ಧದಾರಿಯವರೆಗೆ ಅದು ಸತ್ತ ಬಾಲದಂತೆ ಜೋತಾಡುತ್ತಿದ್ದಿತು. ಆಮೇಲೆ ಮಾತ್ರ ಕೇಬಲು ಎಳೆಯತೊಡಗುತ್ತಿದ್ದಿತು. ಪೂರ್ಣ ಹಿಡಿದರೂ ಕ್ಲಚ್ಚು ಪೂರ್ಣ ಬಿಡುತ್ತಿರಲಿಲ್ಲ.

ಹುಣಸೂರಿನಲ್ಲಿ ಲಕ್ಷ್ಮಣತೀರ್ಥದ ಸೇತುವೆಯನ್ನು ದಾಟಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆನು. ಕಾಫಿ ಬರುವಷ್ಟರಲ್ಲಿ ಹಿಡಿಯ ಬುಡದಲ್ಲಿರುವ ತಿರುಪನ್ನು ಪರೀಕ್ಷಿಸಿದೆನು. ಕೇಬಲು ಇಷ್ಟೊಂದು ಸಡಿಲವಾಗಿರುವುದು ತಂದೆಯವರ ವಯಸ್ಸಿನ ಮರೆವೆಂದು ತೀರ್ಮಾನಿಸಿದೆನು. ಹಳಗನ್ನಡ ಛಂದಸ್ಸಿನಲ್ಲಿ ಶಿಥಿಲದ್ವಿತ್ವವೆಂದು ಒಂದುಂಟು. ಒತ್ತಕ್ಷರವನ್ನು ತೇಲಿಸಿ ಉಚ್ಚರಿಸಿದಾಗ ಅದರ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಕವಿಯ ಪಾಲಿಗೆ ಅಲ್ಲಿ ಸಡಿಲೂ ಒಂದು ನಿಯಮವೇ. ಇದನ್ನು ತರಗತಿಯಲ್ಲಿ ಹನ್ನೆರಡು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ, ಹುಣಸೂರಿನ ಹೋಟೆಲಿನ ಮುಂದೆ ಅದು ನೆನಪಾಗಲಿಲ್ಲ. ತಿರುಪನ್ನು ಹೊರಕ್ಕೆ ತಿರುಗಿಸಿ, ಇನಿತೂ ಸಡಿಲಿಲ್ಲದಂತೆ ಕೇಬಲನ್ನು ಬಿಗಿದೆನು. ಗಾಡಿ ನಿಂತಲ್ಲಿ ನಿಂತಿತು. ಗೇರು ಬೆಣ್ಣೆಯಲ್ಲಿ ಚಾಕು ಹೋದಂತೆ ಬಿದ್ದಿತು. ಕಾಫಿಯ ರುಚಿಯೂ ಹೆಚ್ಚಿದಂತೆ ತೋರಿತು.

ಹುಣಸೂರಿನಿಂದ ಮುಂದಿನ ದಾರಿ ಬಹು ಸುಖದ್ದು. ಎರಡು ಪಕ್ಕಗಳಲ್ಲಿಯೂ ಹೊಗೆಸೊಪ್ಪಿನ ಹೊಲಗಳು, ನಡುನಡುವೆ ಎಲೆ ಹದಮಾಡುವ ಎತ್ತರದ ಬ್ಯಾರನ್ ಮನೆಗಳು. ಅವುಗಳಿಂದ ಬರುವ ವಾಸನೆ ಒಮ್ಮೆ ಬೆಲ್ಲದಂತೆ, ಒಮ್ಮೆ ಒದ್ದೆ ಹುಲ್ಲು ಸುಟ್ಟಂತೆ. ನಮ್ಮ ಎರಡು ಸೈಲೆನ್ಸರುಗಳ ನೀಲಿ ಹೊಗೆ ಅದರೊಡನೆ ಬೆರೆಯಿತು. ಈ ಗಾಡಿ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುವ ಟೂ ಸ್ಟ್ರೋಕ್ ಜಾತಿಯದು; ಹೊಗೆ ಅದರ ಹುಟ್ಟುಗುಣ. ನಲವತ್ತೈದರ ವೇಗದಲ್ಲಿ ಅದು ಹೊರಡಿಸುವ ಸದ್ದಿದೆಯಲ್ಲ, ಅದಕ್ಕೆ ಒಂದು ಲಯವುಂಟು. ಇಳಿಜಾರಿನಲ್ಲಿ ಥ್ರಾಟಲನ್ನು ಬಿಟ್ಟಾಗ ಆ ಲಯ ತಪ್ಪಿ ತೊದಲುತ್ತದೆ, ಮತ್ತೆ ಕೊಟ್ಟಾಗ ಸರಿಹೋಗುತ್ತದೆ. ಬಾಲ್ಯದಲ್ಲಿ ಟ್ಯಾಂಕಿನ ಮೇಲೆ ಕುಳಿತು ಈ ತೊದಲನ್ನು ಕೇಳುತ್ತ ನಿದ್ರೆ ಹೋಗುತ್ತಿದ್ದೆನಂತೆ.

ಪಿರಿಯಾಪಟ್ಟಣ ಬಂದಿತು. ಕನ್ನಡದ ಮೇಷ್ಟರಿಗೆ ಈ ಊರಿನ ಹೆಸರಿನ ಮೇಲೆ ಒಂದು ಮಮತೆ. ಹಳಗನ್ನಡದ 'ಪಿರಿಯ' ಎಲ್ಲೆಡೆಯೂ 'ಹಿರಿಯ'ನಾಯಿತು, 'ಪಾಲು' 'ಹಾಲಾ'ಯಿತು, 'ಪೂ' 'ಹೂ'ವಾಯಿತು; ಈ ಊರು ಮಾತ್ರ ಪಕಾರದಿಂದ ಹಕಾರಕ್ಕೆ ಗೇರು ಬದಲಾಯಿಸಲೇ ಇಲ್ಲ. ಅಲ್ಲಿಂದ ಬೈಲುಕುಪ್ಪೆ. ಟಿಬೆಟಿನಿಂದ ಬಂದವರಿಗೆ ಇಲ್ಲಿ ನೆಲೆ ದೊರೆತದ್ದು 1961ರ ಸುಮಾರಿನಲ್ಲಿ, ಎಂದರೆ ಯಾದವಗಿರಿಯಲ್ಲಿ ಜಾವಾ ನೆಲೆಯೂರಿದ ಕಾಲದಲ್ಲಿಯೇ. ಮುಸುಕಿನ ಜೋಳದ ಹೊಲಗಳ ಅಂಚಿನಲ್ಲಿ ಬಣ್ಣದ ಪ್ರಾರ್ಥನಾ ಪತಾಕೆಗಳು ಗಾಳಿಗೆ ಪಟಪಟಿಸುತ್ತಿದ್ದವು. ಮರೂನ್ ಬಣ್ಣದ ವಸ್ತ್ರ ಧರಿಸಿದ ಕಿರಿಯ ಭಿಕ್ಷುವೊಬ್ಬ ನನ್ನ ಗಾಡಿಯನ್ನು ಕಂಡು ಹೆಬ್ಬೆರಳೆತ್ತಿ ನಕ್ಕನು. ನಾನೂ ಗರ್ವದಿಂದ ನಕ್ಕೆನು. ಆ ಗರ್ವದ ಆಯುಸ್ಸು ಇನ್ನು ಅರ್ಧ ಗಂಟೆ.

ಕಾವೇರಿಯ ಸೇತುವೆಯೊಡನೆ ಮೈಸೂರು ಜಿಲ್ಲೆ ಮುಗಿಯುತ್ತದೆ, ಕುಶಾಲನಗರದೊಡನೆ ಕೊಡಗು ತೊಡಗುತ್ತದೆ. ಊರು ಮುಗಿದು ಸ್ವಲ್ಪ ದೂರ ಹೋದರೆ ಆನೆಕಾಡು. ಹೆಸರೇ ಸಾಕು, ವರ್ಣನೆ ಬೇಡ. ತೇಗದ ಮರಗಳು ಎರಡೂ ಕಡೆಯಿಂದ ಬಾಗಿ ಬಿಸಿಲನ್ನು ಸೋಸಿ ಬಿಡುತ್ತವೆ. ರಸ್ತೆ ಮೆಲ್ಲಗೆ ಏರತೊಡಗುತ್ತದೆ. ಮೂರನೆಯ ಗೇರಿನಲ್ಲಿ ಏರುತ್ತಿದ್ದೆನು. ಇದ್ದಕ್ಕಿದ್ದಂತೆ ಎಂಜಿನ್ನಿನ ಕೂಗು ಏರಿತು. ಗಾಡಿಯ ವೇಗ ಏರಲಿಲ್ಲ. ಇನ್ನಷ್ಟು ಥ್ರಾಟಲು ಕೊಟ್ಟೆನು. ಕೂಗು ಮುಗಿಲಿಗೆ ಹೋಯಿತು, ವೇಗ ನೆಲಕ್ಕೆ ಬಂದಿತು. ಎರಡನೆಯ ಗೇರಿಗೆ ಬಂದೆನು, ಅಲ್ಲಿಯೂ ಅದೇ ಗತಿ. ಎಮ್ಮೆಯ ಗಾಡಿಯವನೊಬ್ಬ ನನ್ನನ್ನು ದಾಟಿಹೋಗಬಹುದಾದಷ್ಟು ನಿಧಾನಕ್ಕೆ ಬಂದಾಗ, ಮೂಗಿಗೆ ಒಂದು ವಾಸನೆ ಬಡಿಯಿತು: ತಳ ಹಿಡಿದ ಎಣ್ಣೆಯ, ಸುಟ್ಟ ಬಿರಡೆಯ ವಾಸನೆ. ನಿಲ್ಲಿಸಿದೆನು.

ಕಾಡಿನ ನಿಶ್ಶಬ್ದವನ್ನು ಕುರಿತು ಕವಿಗಳು ಬರೆದುದನ್ನೆಲ್ಲ ಓದಿದ್ದೇನೆ. ಆನೆಕಾಡಿನಲ್ಲಿ ಕೆಟ್ಟ ಗಾಡಿಯ ಪಕ್ಕದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಒಬ್ಬನೇ ನಿಂತು ಅವರಾರೂ ಬರೆದಂತಿಲ್ಲ. ಬಿದಿರು ಮೆಳೆಯಲ್ಲಿ ಏನೋ ಮುರಿದ ಸದ್ದಾಯಿತು. ಅದು ಒಣಗಿದ ಕೊಂಬೆಯೇ ಇರಬಹುದು, ನಾನು ನೋಡಹೋಗಲಿಲ್ಲ. ಗಾಡಿಯನ್ನು ತಿರುಗಿಸಿ, ಎಂಜಿನ್ನು ನಿಲ್ಲಿಸಿ, ನ್ಯೂಟ್ರಲಿಗೆ ತಂದು, ಬಂದ ಇಳಿಜಾರಿನಲ್ಲಿ ಸದ್ದಿಲ್ಲದೆ ಕುಶಾಲನಗರದ ಕಡೆಗೆ ಉರುಳಿದೆನು. ಇಳಿಜಾರು ಮುಗಿದ ಮೇಲೆ ತಳ್ಳಿದೆನು.

ಪೇಟೆಯ ಅಂಚಿನಲ್ಲಿ ತಗಡಿನ ಮಾಡಿನ ಒಂದು ಷೆಡ್ಡು. ಒಳಗೆ ಎಪ್ಪತ್ತರ ಸಮೀಪದ ಒಬ್ಬ ಹಿರಿಯರು ಸ್ಟೂಲಿನ ಮೇಲೆ ಕುಳಿತು ಮೊಪೆಡ್ಡಿನ ಕಾರ್ಬ್ಯುರೇಟರನ್ನು ಊದುತ್ತಿದ್ದರು. ಗಾಡಿಯನ್ನು ಕಂಡೊಡನೆ ಎದ್ದರು. ನನ್ನನ್ನು ನೋಡಲಿಲ್ಲ. ಟ್ಯಾಂಕನ್ನು ಅಂಗೈಯಿಂದ ಒಮ್ಮೆ ಸವರಿ, "ಎಪ್ಪತ್ತು. ನಾ ಸೇರೋಕೆ ಮುಂಚೆ ಬಂದದ್ದು," ಎಂದರು. ಯಾದವಗಿರಿಯ ಕಾರ್ಖಾನೆಯಲ್ಲಿ, ಬಾಗಿಲು ಮುಚ್ಚುವವರೆಗೆ, ಎಂಜಿನ್ ಜೋಡಿಸುವ ಸಾಲಿನಲ್ಲಿ ಇದ್ದವರಂತೆ. ಮಗಳನ್ನು ಕೊಟ್ಟ ಊರೆಂದು ಇಲ್ಲಿಗೆ ಬಂದು ನೆಲಸಿದವರು.

ಸ್ಟ್ಯಾಂಡು ಹಾಕಿ, ಮೊದಲು ಕೈಯ ಲಿವರನ್ನು ಎರಡು ಬೆರಳಿನಿಂದ ಮುಟ್ಟಿದರು. "ಇದನ್ನ ಯಾರು ಟೈಟ್ ಮಾಡಿದ್ದು?"

"ನಾನೇ. ಹುಣಸೂರಿನಲ್ಲಿ. ತುಂಬಾ ಲೂಸಾಗಿತ್ತು."

ಅವರು ಏನೂ ಹೇಳಲಿಲ್ಲ. ಎಂಜಿನ್ನಿನ ಪಕ್ಕದ ಮುಚ್ಚಳವನ್ನು ಬಿಚ್ಚಿ, ಅಲ್ಲಿರುವ ಇನ್ನೊಂದು ತಿರುಪನ್ನೂ ಅದರ ಲಾಕ್ ನಟ್ಟನ್ನೂ ಬಹಳ ಹೊತ್ತು ನೋಡಿದರು. ಕಾಲಿನ ಸನ್ನೆಯನ್ನು ಕೈಯಿಂದ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ತಲೆಯನ್ನು ಓರೆ ಮಾಡಿ ಕೇಳಿದರು. ವೈದ್ಯರು ಎದೆಗೆ ಕಿವಿಗೊಡುವಂತೆ.

"ಕ್ಲಚ್ಚಿಗೆ ಅಂತ ಒಂದಿಷ್ಟು ಪ್ಲೇ ಬೇಕು ಸಾರ್. ಲಿವರಿನ ಬುಡದಲ್ಲಿ ಎರಡು ಮೂರು ಮಿಲಿಮೀಟರ್. ಅದು ಜಾಸ್ತಿ ಆದ್ರೆ ಪ್ಲೇಟು ಬಿಡೋದಿಲ್ಲ, ಗಾಡಿ ತಳ್ಳತ್ತೆ. ಇಲ್ಲವೇ ಇಲ್ಲ ಅಂದ್ರೆ ಪ್ಲೇಟು ಹಿಡಿಯೋದಿಲ್ಲ, ಏರಿನಲ್ಲಿ ಜಾರತ್ತೆ. ನೀವು ಇಲ್ಲದ ಹಾಗೆ ಮಾಡಿದ್ರಿ. ನೆಲದ ಮೇಲೆ ಗೊತ್ತಾಗಲಿಲ್ಲ. ಕಾಡಿನಲ್ಲಿ ಗೊತ್ತಾಯ್ತು."

"ಮೊದಲು ಅಷ್ಟೊಂದು ಲೂಸಾಗಿದ್ದುದೂ ತಪ್ಪೇ ಅಲ್ಲವೇ?"

"ಅದು ತಪ್ಪಲ್ಲ," ಎಂದರು. "ಒಳಗಿನ ಸ್ಕ್ರೂ ನೋಡಿ. ಇದನ್ನ ಕೂದಲೆಳೆ ಜಾಗ ಬಿಟ್ಟು ಕೂರಿಸಿದ್ದಾರೆ. ಕಾಲು ಒತ್ತಿದ ತಕ್ಷಣ ಕ್ಲಚ್ ಪೂರ್ತಿ ಬಿಡಲಿ ಅಂತ. ಕೈ ಕಡೆ ಬೇಕೂ ಅಂತ ಸಡಿಲ ಬಿಟ್ಟಿದ್ದಾರೆ, ಅದು ಇದನ್ನ ಎಳೆಯಬಾರದು ಅಂತ. ಹೀಗೆ ಕಟ್ಟಿದವರಿಗೆ ಕೆಲಸ ಚೆನ್ನಾಗಿ ಗೊತ್ತು." ಸ್ವಲ್ಪ ತಡೆದು ಕೇಳಿದರು: "ಇದನ್ನ ಓಡಿಸೋರಿಗೆ ಎಡಗೈಗೆ ಏನಾಗಿದೆ ಸಾರ್?"

"ಏನೂ ಇಲ್ಲವಲ್ಲ" ಎಂದೆನು. ಎನ್ನುತ್ತಿದ್ದಂತೆಯೇ, ಬೆಳಿಗ್ಗೆ ತಂದೆಯವರು ಬಲ ಮಣಿಕಟ್ಟನ್ನು ನೋಡಿಕೊಂಡದ್ದು ಕಣ್ಣಿಗೆ ಕಟ್ಟಿತು. ಗಡಿಯಾರ ಯಾವಾಗ ಎಡದಿಂದ ಬಲಕ್ಕೆ ಹೋಯಿತು? ಕೇಳಿದಾಗ, ಪಟ್ಟಿ ಚರ್ಮಕ್ಕೆ ಒಗ್ಗುತ್ತಿಲ್ಲವೆಂದಿದ್ದರು. ಮಾರುಕಟ್ಟೆಯ ಚೀಲವನ್ನು ಈಚೆಗೆ ಹೆಗಲಿಗೇ ಹಾಕಿಕೊಳ್ಳುತ್ತಿದ್ದರು. ಕಾಫಿಯ ಲೋಟ ಬಟ್ಟಲುಗಳನ್ನು ಎರಡು ಕೈಯಲ್ಲಿ ಎತ್ತಿ ಆರಿಸುತ್ತಿದ್ದವರು, ಈಗ ಆರುವವರೆಗೆ ಕಾಯುತ್ತಿದ್ದರು. ನಾನು ಅದನ್ನು ಮುಪ್ಪಿನ ತಾಳ್ಮೆಯೆಂದು ಮೆಚ್ಚಿಕೊಂಡಿದ್ದೆನು.

ಷೆಡ್ಡಿನ ಹೊರಗೆ ನಿಂತು ಮನೆಗೆ ಫೋನು ಮಾಡಿದೆನು. ತಾಯಿಯವರು ಎತ್ತಿದರು. ಸುತ್ತು ಬಳಸದೆ ಕೇಳಿದೆನು. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಯುಗಾದಿಯಿಂದ ಈಚೆಗೆ ಅವರ ಅಂಗಿಯ ಗುಂಡಿ ನಾನೇ ಹಾಕ್ತಾ ಇರೋದು ಕಣೋ. ನಿನಗೆ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾರೆ. ಹೇಳಿದರೆ ಗಾಡಿ ಮಾರಿಸಿಬಿಡ್ತೀಯ ಅಂತ." ಆಮೇಲೆ, "ನಿನಗೆ ಯಾರು ಹೇಳಿದ್ದು?" ಎಂದರು. ಗಾಡಿಯೇ ಹೇಳಿತೆಂದರೆ ಆಕೆ ನಂಬುತ್ತಿರಲಿಲ್ಲ.

ಹಿಂತಿರುಗಿದಾಗ ಹಿರಿಯರು ಕ್ಲಚ್ಚಿನ ಎಣ್ಣೆಯನ್ನು ತಟ್ಟೆಗೆ ಇಳಿಸಿದ್ದರು. ಈ ಗಾಡಿಯಲ್ಲಿ ಕ್ಲಚ್ಚಿಗೂ ಗೇರಿಗೂ ಒಂದೇ ಎಣ್ಣೆ. ಅದು ಕಾಡಿಗೆಯಂತೆ ಕಪ್ಪಾಗಿದ್ದಿತು. ಬಿಲ್ಲೆಗಳನ್ನು ಒಂದೊಂದಾಗಿ ಹೊರತೆಗೆದು ಬೆಳಕಿಗೆ ಹಿಡಿದರು. ಮೇಲ್ಮೈ ಮಿರುಗು ಬಂದಿದ್ದಿತು, ಆದರೆ ಸುಟ್ಟುಹೋಗಿರಲಿಲ್ಲ. ಇನ್ನೂ ಒಂದು ಮೈಲಿ ಹಟ ಹಿಡಿದು ಏರಿಸಿದ್ದರೆ ಹೋಗುತ್ತಿದ್ದವೆಂದರು. ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಒರೆಸಿ, ತೆಗೆದ ಕ್ರಮದಲ್ಲಿಯೇ ಜೋಡಿಸಿದರು. ಕೇಬಲಿನ ತುದಿಯಲ್ಲಿ ಎರಡೆಳೆ ಹರಿದಿದ್ದುವು. ಹೊಸದನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದರು. ತಿರುಪಿಗೆ ಕೈಹಾಕಿ ನಿಂತು, ನನ್ನ ಮುಖ ನೋಡಿದರು.

"ಈಗ ಹೇಳಿ ಸಾರ್. ನಿಮ್ಮ ಕೈಗೆ ಕಟ್ಟಲೋ, ಅವರ ಕೈಗೆ ಕಟ್ಟಲೋ?"

ಇಂಥ ಪ್ರಶ್ನೆಗೆ ಉತ್ತರ ಸುಲಭವೆಂದು ದೂರದಿಂದ ತೋರುತ್ತದೆ. ಮುಂದೆ ಇದ್ದುದು ಮಡಿಕೇರಿಯ ಏರು; ಹಿಂದೆ ಇದ್ದುದು, ಒಂದು ಕೈ ಸೋತ ಎಪ್ಪತ್ತಮೂರು ವರ್ಷದ ಮುದುಕರು ಮೈಸೂರಿನ ಸಂದಣಿಯಲ್ಲಿ ಗಾಡಿ ಓಡಿಸಬೇಕೆ ಬೇಡವೆ ಎಂಬ ಮಾತು. ಅವರ ಕೈಗೆ ಕಟ್ಟಿಸುವುದೆಂದರೆ ಓಡಿಸಿ ಎಂದಂತೆ. ನನ್ನ ಕೈಗೆ ಕಟ್ಟಿಸುವುದೆಂದರೆ ಹೇಳದೆಯೇ ಕಿತ್ತುಕೊಂಡಂತೆ. ನಾನು ಹಿರಿಯರನ್ನೇ ಕೇಳಿದೆನು.

"ಓಡಿಸಬೇಕೋ ಬೇಡವೋ ಅನ್ನೋದು ಡಾಕ್ಟ್ರು ಹೇಳೋದು. ಸ್ಕ್ರೂ ಹೇಳೋದಲ್ಲ," ಎಂದರು ಅವರು.

ಅವರ ಕೈಗೇ ಕಟ್ಟಿರೆಂದೆನು. ಒಳಗಿನ ತಿರುಪನ್ನು ತಾಗುವವರೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ತಂದು ನಿಲ್ಲಿಸಿದರು. ಮೊದಲಿದ್ದುದಕ್ಕಿಂತ ಎಳೆಯಷ್ಟು ಹೆಚ್ಚು ಜಾಗ, ಏರಿಗೆಂದು. ಲಾಕ್ ನಟ್ಟನ್ನು ಬಿಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು, ಬಿಗಿಯುವಾಗ ತಿರುಪು ತಾನೂ ತಿರುಗಿಬಿಡುವುದುಂಟಂತೆ. ಕೈಯ ಕೇಬಲನ್ನು ಮಾತ್ರ ಮೊದಲಿನಂತೆಯೇ ಸಡಿಲ ಬಿಟ್ಟರು. ಆಮೇಲೆ ನನ್ನನ್ನು ಸೀಟಿನ ಮೇಲೆ ಕೂರಿಸಿ, ಎಡಗೈಯನ್ನು ಲಿವರಿನಿಂದ ತೆಗೆಸಿ, ಷೆಡ್ಡಿನ ಮುಂದಿನ ಬಯಲಿನಲ್ಲಿ ಪಾಠ ಹೇಳಿದರು. ಒತ್ತಿ ಮೊದಲನೆಯ ಗೇರಿಗೆ ಹಾಕು. ಒತ್ತಿದ ಕಾಲನ್ನು ತೆಗೆಯಬೇಡ, ಕ್ಲಚ್ಚು ಬಿಟ್ಟೇ ಇರುತ್ತದೆ. ಥ್ರಾಟಲು ಕೊಡುತ್ತ ಕಾಲನ್ನು ಮೆಲ್ಲಗೆ, ಮಗುವಿನ ತೊಟ್ಟಿಲಿನಿಂದ ಕೈ ತೆಗೆಯುವಂತೆ, ಮೇಲಕ್ಕೆ ತಾ. ನಿಲ್ಲಬೇಕಾದಾಗ ಮುಂಚಿತವಾಗಿಯೇ ನ್ಯೂಟ್ರಲಿಗೆ ಬಾ. ಮೊದಲ ಮೂರು ಸಲ ಗಾಡಿ ಕುದುರೆಯಂತೆ ನೆಗೆಯಿತು. ನಾಲ್ಕನೆಯ ಸಲ ಹೊರಟಿತು. ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳು ಇದನ್ನು ನೋಡಲಿಲ್ಲವೆಂಬುದೊಂದು ಸಮಾಧಾನ.

ಐದು ಗಂಟೆಗೆ ಮತ್ತೆ ಆನೆಕಾಡನ್ನು ಹೊಕ್ಕೆನು. ಕಾಡಿನ ಬಗ್ಗೆ ಭಯವಿದ್ದಿತು, ಆದರೆ ಗಮನವೆಲ್ಲ ಎಡಗಾಲಿನಲ್ಲಿದ್ದಿತು. ಎಂಜಿನ್ನಿನ ಕೂಗೂ ಗಾಲಿಯ ಓಟವೂ ಈಗ ಜೊತೆಯಾಗಿ ಏರುತ್ತಿದ್ದವು. ಸುಂಟಿಕೊಪ್ಪ ಕಳೆದ ಮೇಲೆ ಕಾಫಿಯ ತೋಟಗಳು. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಅದರ ಕೆಳಗೆ ಹಸಿರು ಕಾಯಿ ಕಚ್ಚಿಕೊಂಡ ಕಾಫಿ ಗಿಡ. ತಿರುವೊಂದರಲ್ಲಿ ಲಾರಿ ಎದುರಾದಾಗ ಅಭ್ಯಾಸಬಲದಿಂದ ಎಡಗೈ ಲಿವರಿಗೆ ಹೋಯಿತು, ಅದು ಸಡಿಲವಾಗಿ ಜೋತಾಡಿತು. ಆ ಸಡಿಲಿನೊಳಗೆ ಯುಗಾದಿಯಿಂದ ಈಚಿನ ಏಳು ತಿಂಗಳುಗಳಿದ್ದುವು. ಕೈಯನ್ನು ಹಿಂತೆಗೆದುಕೊಂಡು ಕಾಲನ್ನು ಒತ್ತಿದೆನು. ಬೋಯಿಕೇರಿಯಲ್ಲಿ ಮಂಜು ಇಳಿದು ಲೈಟು ಹಾಕಬೇಕಾಯಿತು. ಮಡಿಕೇರಿ 1,150 ಮೀಟರು ಎತ್ತರದ ಊರು. ರಾಜಾಸೀಟಿನಿಂದ ಕಾಣುವ ಕಣಿವೆಯನ್ನು ಅಂದು ನಾನು ಕಾಣಲಿಲ್ಲ, ಬಿಳಿಯ ಗೋಡೆಯೊಂದನ್ನು ಕಂಡು ಹಿಂತಿರುಗಿದೆನು.

ರಾತ್ರಿ ತಂದೆಯವರೇ ಫೋನು ಮಾಡಿದರು. "ಏರು ಹೇಗೆ ಹತ್ತಿತು?"

"ಚೆನ್ನಾಗಿ ಹತ್ತಿತು ಅಪ್ಪ."

"ಕೈ ಬಳಸಿದೆಯಾ?"

"ಹುಣಸೂರಿನವರೆಗೆ ಬಳಸಿದೆ. ಆಮೇಲೆ ಬಿಟ್ಟೆ."

ಅವರು ಬೇರೇನೂ ಕೇಳಲಿಲ್ಲ. ಪಂಪನ ಮೇಲಿನ ಉಪನ್ಯಾಸ ಮರುದಿನ ನಡೆಯಿತು. ಅದನ್ನು ಇಲ್ಲಿ ವರ್ಣಿಸಿ ವಾಚಕರನ್ನು ದಣಿಸಲಾರೆನು.

ಮೂರನೆಯ ದಿನ ಸಂಜೆ ಮನೆ ಸೇರಿದಾಗ ತಂದೆಯವರು ಜಗುಲಿಯಲ್ಲಿದ್ದರು. ಬಂದು, ಬಲಗೈಯನ್ನು ಚಾಚಿ ಕ್ಲಚ್ಚಿನ ಲಿವರನ್ನು ಹಿಡಿದು ನೋಡಿದರು. ಅದು ಅವರು ಬಿಟ್ಟಷ್ಟೇ ಸಡಿಲವಾಗಿದ್ದಿತು. ಕೇಬಲು ಮಾತ್ರ ಹೊಸದು. ಬಗ್ಗಿ ಮುಚ್ಚಳದ ಸ್ಕ್ರೂಗಳ ಮೇಲಿನ ಹೊಸ ಗೀರುಗಳನ್ನು ನೋಡಿದರು.

"ಯಾರಿಗೆ ತೋರಿಸಿದೆ?"

"ಕುಶಾಲನಗರದಲ್ಲಿ ಒಬ್ಬರು. ಯಾದವಗಿರಿಯಲ್ಲಿ ಕೆಲಸದಲ್ಲಿದ್ದವರು."

"ಹೂಂ. ಗೊತ್ತಿದ್ದವರು," ಎಂದರು. ಎಡಗೈಯನ್ನು ಅಂಗಿಯ ಜೇಬಿನೊಳಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಸೋಮವಾರ ನಿನಗೆ ಕಾಲೇಜಿದೆಯೇನೋ?" ಎಂದು ಕೇಳಿದರು.

"ರಜಾ ಹಾಕ್ತೀನಿ ಅಪ್ಪ. ಡಾಕ್ಟರ ಹತ್ತಿರ ಹತ್ತು ಗಂಟೆಗೆ ಹೋಗೋಣ."

"ಆಟೋ ಬೇಡ," ಎಂದರು.

ಸೋಮವಾರ ಬೆಳಿಗ್ಗೆ ಅವರು ಹಿಂದೆ ಕುಳಿತರು. ನಾನು ಎಡಗೈಯನ್ನು ಲಿವರಿಗೆ ತಾಗಿಸದೆ, ಕಾಲನ್ನು ಮೆಲ್ಲಗೆ ಮೇಲಕ್ಕೆ ತಂದೆನು. ಗಾಡಿ ನೆಗೆಯದೆ ಹೊರಟಿತು.